ನಾನು ತಿದ್ದಿಕೊಟ್ಟ ಗೆರೆಗಳು

ಇಂದು ಬೆಳಿಗ್ಗೆ ಆನ್‌ಲೈನ್ ತರಗತಿಗೆ ಮುನ್ನ ಕಂಪ್ಯೂಟರಿನ ಪರದೆ ಒರೆಸಲೆಂದು ಹೊಸದಾಗಿ ತಂದ ದ್ರವವನ್ನು ಸಿಂಪಡಿಸಿದೆ. ಅಮೋನಿಯಾದ ಘಾಟು ಮೂಗಿಗೆ ಅಡರಿತು. ನನ್ನ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರ ಅಂಗಿಯಿಂದ ಪ್ರತಿ ಸಂಜೆ ಇದೇ ವಾಸನೆ ಬರುತ್ತಿತ್ತು...

ಅವರು ಹೈದರಾಬಾದಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಯಂತ್ರಭಾಗಗಳ ನಕ್ಷೆಗಳನ್ನು ಕೈಯಿಂದ ಬರೆಯುವುದು ಮೂವತ್ತು ವರ್ಷಗಳಿಂದ ಅವರ ಕೆಲಸ. ನಕ್ಷೆಗಳ ಪ್ರತಿ ತೆಗೆಯುವ ಕೋಣೆಯ ಅಮೋನಿಯಾ ಅವರ ಬಟ್ಟೆಗೆ ಹತ್ತಿರುತ್ತಿತ್ತು. ನಗರದ ಅಂಚಿನ ಮಾದಾಪುರದ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಅವರ ಕಾರ್ಖಾನೆಯಲ್ಲಿಯೂ ನಕ್ಷೆಯ ಹಲಗೆಗಳನ್ನು ತೆಗೆದು ಕಂಪ್ಯೂಟರುಗಳನ್ನು ಇಡತೊಡಗಿದ್ದರು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಒಂದೇ ಒಂದು ಪರೀಕ್ಷೆ. ತೇರ್ಗಡೆಯಾದವರು ನಕ್ಷೆಯ ವಿಭಾಗದಲ್ಲಿ ಉಳಿಯಬಹುದು, ಆಗದವರು ಸಾಮಾನು ಕಾಯುವ ಸ್ಟೋರ್ಸಿಗೆ ಹೋಗಬೇಕು. ಆ ಪರೀಕ್ಷೆಗಾಗಿಯೇ ಅವರು ಹಿಮಾಯತ್‌ನಗರದಲ್ಲಿ ನಾನು ಪಾಠ ಹೇಳುತ್ತಿದ್ದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಸೇರಿದರು.

ನನಗಾಗ ಇಪ್ಪತ್ತಮೂರು ವರ್ಷ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವನು ನಾನು. ತಪ್ಪಾದೀತೆಂಬ ಅಂಜಿಕೆಯಿಂದ ಮರುದಿನ ಹೇಳಬೇಕಾದ ವಾಕ್ಯಗಳನ್ನು ಮೊದಲೇ ಬರೆದು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಹುಡುಗರನ್ನು ಗದರಿಸಲು ಮಾತ್ರ ನನಗೆ ಯಾವ ಸಿದ್ಧತೆಯೂ ಬೇಕಿರಲಿಲ್ಲ. ಆದರೆ ಅವರು ನನ್ನ ತಂದೆಯ ವಯಸ್ಸಿನವರು. ಬೀದರದ ಕಡೆಯವರು, ನನ್ನಂತೆಯೇ ಕನ್ನಡದವರು. ನಾನು ಒಳಗೆ ಬಂದ ಕೂಡಲೇ ಅವರು ಎದ್ದು ನಿಲ್ಲುತ್ತಿದ್ದರು. ನನಗೆ ಸಂಕೋಚದಿಂದ ಮೈ ಹಿಡಿಯಾಗುತ್ತಿತ್ತು.

“ಕಾಕಾ, ನೀವು ಏಳಬ್ಯಾಡ್ರಿ,” ಎಂದೆ ಒಮ್ಮೆ.

“ಕಾಕಾ ಅನ್ನೂದು ಹೊರಗ ಇಟ್ಕೊಳ್ರಿ ಸರ. ಒಳಗ ಇವ್ರಂಗ ನಾನೂ ಒಬ್ಬ ಹುಡುಗ. ಕೂದಲ ಅಷ್ಟ ಬೆಳ್ಳಗ ಆಗ್ಯಾವು,” ಎಂದರು.

ನಾನದನ್ನು ತಮಾಷೆಯೆಂದು ತಿಳಿದು ನಕ್ಕೆ.

ಕಾಗದದ ಮೇಲೆ ಎರಡು ಗೆರೆಗಳು ಮೂಲೆಯಲ್ಲಿ ಕೂಡಿದಂತೆ ಕಂಡರೆ ಸಾಕು; ಪೆನ್ಸಿಲಿನ ಸೀಸದ ದಪ್ಪವೇ ನಡುವಿನ ಸಂದನ್ನು ಮುಚ್ಚುತ್ತದೆ. ಕಂಪ್ಯೂಟರಿನಲ್ಲಿ ಹಾಗಲ್ಲ. ಕಣ್ಣಳತೆಯಿಂದ ಎಳೆದ ಗೆರೆಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಹಿಗ್ಗಿಸಿ ನೋಡಿದರಷ್ಟೇ ಅದು ಕಾಣುತ್ತದೆ. ಅವರು ತಮ್ಮ ಕಣ್ಣನ್ನು ನಂಬಿ ಎಳೆಯುತ್ತಿದ್ದರು. ಇದೇ ತಪ್ಪು ಮಾಡಿದ ಹುಡುಗನೊಬ್ಬನನ್ನು ಇಡೀ ತರಗತಿಯ ಮುಂದೆ, ‘ಕಣ್ಣು ಮನೆಯಲ್ಲಿಟ್ಟು ಬಂದೆಯಾ?’ ಎಂದು ಬೈದಿದ್ದೆ. ಅವರಿಗೆ ‘ತಪ್ಪು’ ಎನ್ನಲು ಸಹ ನಾಲಿಗೆ ಏಳಲಿಲ್ಲ. ಅವರು ನೀರು ಕುಡಿಯಲು ಹೋದಾಗ ಅವರ ಕುರ್ಚಿಯಲ್ಲಿ ಕುಳಿತು, ಮೂಲೆಗಳನ್ನೆಲ್ಲ ಕೂಡಿಸಿ, ಏನೂ ಆಗದವನಂತೆ ಎದ್ದುಬಿಡುತ್ತಿದ್ದೆ. ಮರಳಿ ಬಂದವರಿಗೆ ‘ಚೆನ್ನಾಗಿದೆ’ ಎನ್ನುತ್ತಿದ್ದೆ. ಹಿರಿಯರಿಗೆ ಮರ್ಯಾದೆ ಕೊಡುವುದೆಂದರೆ ಇದೇ ಎಂದು ನಂಬಿದ್ದೆ...

ಪರೀಕ್ಷೆ ಮುಗಿದ ಕೆಲವು ದಿನಗಳ ನಂತರ ಅವರು ಬಂದರು. ಕೈಯಲ್ಲಿ ಪರೀಕ್ಷೆಯಲ್ಲಿ ಬರೆದ ನಕ್ಷೆಯ ಹಾಳೆಯಿತ್ತು. ಮೂಲೆಗಳ ಸುತ್ತ ಯಾರೋ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದರು.

“ನಾಪಾಸ್ ಆದ್ನಿ ಸರ,” ಎಂದರು. ಅನಂತರ ಮೆಲ್ಲಗೆ, “ನಿಮ್ಮ ಕ್ಲಾಸಿನ್ಯಾಗ ಕೂಡ್ತಿದ್ದ ಗೆರಿ ಅಲ್ಲಿ ಯಾಕ ಕೂಡಲಿಲ್ರಿ?”

ನಾನು ಇದ್ದುದನ್ನು ಇದ್ದಂತೆ ಹೇಳಿದೆ. ಅವರು ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟರು.

“ಆ ಹುಡುಗ್ಗ ಬೈದಂಗ ನನಗೂ ಬೈಬೇಕಿತ್ರಿ. ನಾ ನಿಮ್ಮ ಕಾಕಾ ಆಗಿ ಬಂದಿದ್ದಿಲ್ರಿ ಸರ, ಕಲಿಯಾಕ ಬಂದಿದ್ನಿ. ಹೋಗ್ಲಿ, ಈಗರೆ ತೋರಸ್ರಿ.”

ತೋರಿಸಿದೆ. ಗೆರೆಯ ತುದಿಯನ್ನು ಕಂಪ್ಯೂಟರೇ ಹಿಡಿದುಕೊಳ್ಳುವ ಆಯ್ಕೆಯೊಂದಿದೆ. ಅದನ್ನು ಒತ್ತಿ ಎಳೆಯಬೇಕು. ಹತ್ತು ನಿಮಿಷವೂ ಹಿಡಿಯಲಿಲ್ಲ. ಅವರು ತಾವೇ ನಾಲ್ಕು ಮೂಲೆಗಳನ್ನು ಕೂಡಿಸಿದರು, ಹಿಗ್ಗಿಸಿ ನೋಡಿದರು.

“ಬರೇ ಇಷ್ಟ ಏನ್ರಿ?” ಎಂದರು.

ಕುರ್ಚಿಯನ್ನು ಮೇಜಿನೊಳಗೆ ಸರಿಸಿ, ನನಗೆ ನಮಸ್ಕರಿಸಿ ಹೊರಟರು. ನಾನು ಕ್ಷಮೆ ಕೇಳಲಿಲ್ಲ. ಆ ಕ್ಷಣಕ್ಕೆ ತಕ್ಕ ವಾಕ್ಯವನ್ನು ಹುಡುಕುತ್ತ ನಿಂತಿದ್ದೆ... ಅಷ್ಟರಲ್ಲಿ ಅವರು ಮೆಟ್ಟಿಲು ಇಳಿದಿದ್ದರು. ಹಲವು ವರ್ಷಗಳ ಬಳಿಕ ಸಿಕಂದರಾಬಾದ್ ನಿಲ್ದಾಣದಲ್ಲಿ ಸಿಕ್ಕ ಅವರ ಸಹೋದ್ಯೋಗಿಯೊಬ್ಬರು ಅವರು ತೀರಿಕೊಂಡರೆಂದು ತಿಳಿಸಿದರು. ನಿವೃತ್ತಿಯವರೆಗೂ ಸ್ಟೋರ್ಸಿನಲ್ಲಿಯೇ ಇದ್ದರಂತೆ.

ಇಂದಿನ ನನ್ನ ತರಗತಿಯಲ್ಲಿ ಹತ್ತೊಂಬತ್ತರವರೂ ಇದ್ದಾರೆ, ಅರವತ್ತರವರೂ ಇದ್ದಾರೆ. ಹೆಚ್ಚಿನವರು ಕ್ಯಾಮೆರಾ ತೆರೆಯುವುದಿಲ್ಲ. ನಿವೃತ್ತ ಶಿಕ್ಷಕಿಯೊಬ್ಬರು ತಾವು ಬರೆದ ಮನೆಯ ನಕ್ಷೆಯನ್ನು ತೋರಿಸಿದರು. ಇಲ್ಲಿ ಕುಳಿತೇ ಅವರ ಪರದೆಯಲ್ಲಿ ತಿದ್ದುವ ಅನುಕೂಲ ನನಗಿದೆ. ಒಂದೇ ಗಳಿಗೆಯಲ್ಲಿ ಮುಗಿದುಹೋಗುವ ಕೆಲಸ.

“ಅಮ್ಮಾ, ಬಲಗಡೆಯ ಮೂಲೆ ಕೂಡಿಲ್ಲ. ಇದು ತಪ್ಪು,” ಎಂದೆ, ಎಲ್ಲರಿಗೂ ಕೇಳುವಂತೆ.

ನೊಂದುಕೊಂಡರೋ ಏನೋ, ಮುಖ ಕಾಣದು. ನಾನು ಮೌಸಿನಿಂದ ಕೈ ತೆಗೆದು ಕಾದೆ. ಕೊನೆಗೆ ಅವರೇ ಆ ಮೂಲೆಯನ್ನು ಹಿಗ್ಗಿಸಿ, ಗೆರೆಯನ್ನು ಅಳಿಸಿ, ಮತ್ತೆ ಎಳೆಯತೊಡಗಿದರು. ಅವರಿಗೆ ಅದು ದಕ್ಕಿತು. ಹೀಗೆ ಕಲಿಸಬೇಕೆಂದು ನನಗೆ ತಿಳಿಸಿಕೊಟ್ಟವರಿಗೆ ಮಾತ್ರ ಅದರಿಂದ ಏನೂ ದಕ್ಕಲಿಲ್ಲ.