ಗೌಡರ ಪೂಜೆ ಮುಗಿಯುವ ಹೊತ್ತಿಗೆ

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಜೇವರ್ಗಿ ಕಡೆಯಿಂದ ನಾವು ಒಂಬತ್ತು ಜನ ಕೇದಾರಕ್ಕೆ ಹೋಗಿದ್ದೆವು. ಮುಂದಾಳು ಒಬ್ಬ ಗೌಡರು. ಅವರ ಶಾಲೆಯಲ್ಲಿ ನಾನು ಹಂಗಾಮಿ ಮಾಸ್ತರ. ಅವರು ಕೆಮ್ಮಿದರೂ ‘ಹೌದ್ರಿ’ ಅನ್ನುತ್ತಿದ್ದೆ. ಜೊತೆಗೆ ನಮ್ಮ ಅವ್ವನೂ ಇದ್ದಳು.

ಚಳಿಗಾಲವೆಲ್ಲ ಮುಚ್ಚಿದ್ದ ಗುಡಿಯ ಬಾಗಿಲು ಆಗಷ್ಟೇ ತೆರೆದಿತ್ತು. ದಾರಿಯಲ್ಲಿ ಒಂದು ಕಡೆ, ಬೆಟ್ಟದಿಂದ ಜಾರಿಬಂದ ಹಿಮ ಹಳ್ಳದ ತುಂಬ ಬಿದ್ದಿತ್ತು. ಅದನ್ನು ಅಡ್ಡ ದಾಟಬೇಕು. ದಾರಿ ತೋರಿಸುವ ಪಹಾಡಿ ಮುದುಕ ಹಿಂದಿನ ಸಂಜೆಯೇ ಹೇಳಿದ್ದ: ರಾತ್ರಿ ಹೆಪ್ಪುಗಟ್ಟಿದ ಹಿಮ ಬಿಸಿಲು ಬೀಳುವ ತನಕ ಮಾತ್ರ ಗಟ್ಟಿ, ಅಷ್ಟರೊಳಗೆ ಒಬ್ಬೊಬ್ಬರಾಗಿ, ನಡುವೆ ನಿಲ್ಲದೆ ದಾಟಬೇಕು. ಕಾಲು ಹೂತುಹೋಗುವ ಹಸಿ ಎರೆಹೊಲಕ್ಕೆ ಎತ್ತು ಇಳಿಸಿದ ಆಳಿಗೆ ವಾಚಾಮಗೋಚರ ಬೈಯುವ ಗೌಡರಿಗೆ ಇದನ್ನು ಬಿಡಿಸಿ ಹೇಳಬೇಕೆ? ಸಂತೆಯಲ್ಲಿ ದಖನಿ ಉರ್ದುವಿನಲ್ಲಿ ಚೌಕಾಸಿ ಮಾಡುವ ಈ ಮಹಾಶಯರಿಗೆ ಮುದುಕನ ಹಿಂದಿ ಮಾತ್ರ ತಲೆಗೆ ಹೋಗಲಿಲ್ಲ.

ಅವ್ವ ನಸುಕಿನಲ್ಲೇ ಎದ್ದು, ತಣ್ಣೀರು ಸುರುವಿಕೊಂಡು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ ಬೂಟು ಮೆಟ್ಟಿ ಕೂತಳು. ಗೌಡರಿಗೆ ಬಿಸಿನೀರು ಬೇಕು. ಹಸಿ ಕಟ್ಟಿಗೆ ಹೊತ್ತಲೊಲ್ಲದು. ಆಮೇಲೆ ವಿಭೂತಿ, ಆಮೇಲೆ ಹಾಡು. ಶಿವನಿಗೂ ಆಕಳಿಕೆ ಬಂದಿರಬೇಕು. ಆಮೇಲೆ ಉಪ್ಪಿಟ್ಟು. ಹಿಮದ ಅಂಚಿಗೆ ಬಂದಾಗ ಹನ್ನೊಂದು ದಾಟಿತ್ತು.

ಮುದುಕ ಕೋಲು ಊರಿದ; ಮೊಣಕಾಲುದ್ದ ಇಳಿಯಿತು. ಮೇಲಿಂದ ಸಣ್ಣ ಸಣ್ಣ ಹಿಮದುಂಡೆಗಳು ಉರುಳುತ್ತಿದ್ದವು. ಇವತ್ತು ಸಾಧ್ಯವಿಲ್ಲ ಎಂದು ಕೈಯಾಡಿಸಿಬಿಟ್ಟ.

“ಶಿವನ ಬಾಗಿಲಿಗಿ ಬಂದು ಅಂಜ್ತೀರೇನಲೇ?” ಎಂದರು ಗೌಡರು.

ಅವ್ವ ಕಲ್ಲಿನ ಮೇಲೆ ಕೂತುಬಿಟ್ಟಳು. ಕೊರಳಲ್ಲಿದ್ದ ಲಿಂಗ ಮುಟ್ಟಿಕೊಂಡು, “ಶಿವ ಇಲ್ಲೇ ಅದಾನ್ರಿ. ನಾ ನಾಳಿ ಮುಂಜಾನಿ ಬರ್ತೇನಿ,” ಎಂದಳು. ಉಳಿದವರೂ ಅವಳ ಪಕ್ಕ ಕೂತರು. ಗೌಡರು ನನ್ನ ಕಡೆ ನೋಡಿದರು. ಅಷ್ಟೇ ಸಾಕಾಯಿತು. ಅವರ ಚೀಲ ಹೆಗಲಿಗೇರಿಸಿ ಅವರ ಹಿಂದೆಯೇ ಹಿಮಕ್ಕೆ ಇಳಿದೆ. ಇಂಥ ಗುಲಾಮಗಿರಿ ಇವತ್ತು ನೆನೆದರೂ ಹೇಸಿಗೆಯಾಗುತ್ತದೆ.

ನಡುವೆ ಮುಟ್ಟಿದಾಗ ಮೇಲೆ ಏನೋ ಜರುಗಿತು. ಒದ್ದೆ ಹಿಮ ಮೆಲ್ಲಗೇ ಇಳಿದು ಬಂತು, ನನ್ನನ್ನು ಸೊಂಟದ ತನಕ ಹೂತು ಗಾರೆಯಂತೆ ಬಿಗಿಯಿತು. ಗೌಡರು ಧೋತರ ಎತ್ತಿಕೊಂಡು ಆಚೆಗೆ ಓಡಿದರು, ತಿರುಗಿಯೂ ನೋಡಲಿಲ್ಲ. ಬೇಡವೆಂದಿದ್ದ ಮುದುಕನೇ ಬಂದು ಕೈಯಿಂದ ಬಗೆದು, ನನ್ನನ್ನು ಎಳೆದು ಆಚೆ ಮುಟ್ಟಿಸಿದ. ಅಷ್ಟರಲ್ಲಿ ಮಂಜು ಇಳಿದಿತ್ತು; ಈಚೆ ಕೂತವರಿಗೆ ಏನೂ ಕಾಣಲಿಲ್ಲ. ಸುದ್ದಿ ಮುಟ್ಟಿಸಲು ದಾರಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಗಟ್ಟಿ ಹಿಮದ ಮೇಲೆ ನಡೆದು ಬಂದಳು. ಗುಡಿಯ ಮುಂದೆ ಗೌಡರು, ಶಿವನೇ ತಮ್ಮನ್ನು ಎತ್ತಿ ದಾಟಿಸಿದನೆಂದು ಯಾರಿಗೋ ವರ್ಣಿಸುತ್ತಿದ್ದರು. ಅವ್ವ ಅವರತ್ತ ನೋಡಲಿಲ್ಲ. ನನ್ನ ಮುಖ, ತೋಳು, ಕಾಲು ಒಂದೊಂದಾಗಿ ಮುಟ್ಟಿ ನೋಡಿದಳು.

“ನಿನ್ನೆಯಿಂದ ನೀ ಸತ್ತೀ ಅಂತನೇ ಕುಂತಿದ್ದೆ. ಈ ಮನಷ್ಯಾಗ ಅಂಜಿ ಹೋದ್ಯಲ್ಲೋ, ನನ್ನ ನೆನಪು ಬರ್ಲಿಲ್ಲೇನು?”

ಬಂದಿರಲಿಲ್ಲ.