ರಾಮದುರ್ಗದ ಗಾಡಿಗೆ ಹೇಳಿದ ಮಾತು

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಕುಳಿತಿದ್ದಾಗ ನನ್ನ ಮೊಬೈಲು ಒಂದೇ ಸಮನೆ ಟಿಣ್ ಟಿಣ್ ಎನ್ನತೊಡಗಿತು. ಹೋದ ತಿಂಗಳು ನಮ್ಮ ಮನೆಯವರೆಲ್ಲ ಹೊಸದೊಂದು ಮೆಸೇಜಿನ ಆ್ಯಪಿಗೆ ಗುಳೆ ಹೋಗಿದ್ದೆವು. ಮಗಳು ಹಳೆಯದನ್ನು ಅಳಿಸಿಹಾಕಿದ್ದಳು. ಅದರಲ್ಲಿದ್ದ ಫೋಟೋ ಬೇಕೆಂದು ನಾನು ಹಟ ಹಿಡಿದಿದ್ದಕ್ಕೆ ಈಗಷ್ಟೇ ಮತ್ತೆ ಹಾಕಿಕೊಟ್ಟಿದ್ದಳು. ಅದು ತೆರೆದದ್ದೇ ತಡ, ರಾಮದುರ್ಗದಲ್ಲಿರುವ ನನ್ನ ಅಕ್ಕ ಶಾಂತವ್ವನ ದನಿ ಸಾಲುಸಾಲಾಗಿ ಬಂದು ಬಿತ್ತು.

"ತಮ್ಮಾ, ಬರೋ ಸೋಮವಾರ ಕಣ್ಣಿನ ಆಪರೇಷನ್ ಐತಿ. ನೀ ಬಾಜೂಕ ಇದ್ರ ನನಗ ಧೈರ್ಯ. ಬರತೀ ಹೌದಲ್ಲೋ?" ಇದು ಮೊದಲನೆಯದು, ನಾಲ್ಕು ದಿನ ಹಿಂದಿನದು. ಕೊನೆಯದು: "ಕೇಳಿನೂ ಸುಮ್ಮ ಕುಂತಿ. ಇರಲಿ ಬಿಡಪಾ, ದೊಡ್ಡ ಮನಷ್ಯಾ ಆದಿ."

ಇವತ್ತು ರವಿವಾರ. ಆಪರೇಷನ್ ನಾಳೆಯೇ.

"ಹಳೇದರಾಗ ಹೇಳಿದ್ದು ಹೊಸದರಾಗ ಬರಂಗಿಲ್ಲೇನವಾ?" ಎಂದೆ ಮಗಳಿಗೆ.

"ಇಲ್ಲಪ್ಪಾ. ಎರಡಕ್ಕೂ ಮಾಲಕರು ಬ್ಯಾರೆ. ಒಬ್ಬರ ಬಾಗಲಾ ಇನ್ನೊಬ್ಬರಿಗೆ ತಗಿಯಂಗಿಲ್ಲ."

ನೀವೇ ಹೇಳಿ, ಇದನ್ನು ಕೇಳಿದ ಮೇಲೆ ನನಗೆ ಸವದತ್ತಿಯ ಬಸ್‌ಸ್ಟ್ಯಾಂಡು ನೆನಪಾಗದೆ ಇದ್ದೀತೇ? ಅಕ್ಕ ಮದುವೆಯಾಗಿ ಹೋದ ಹೊಸತರಲ್ಲಿ, ನಮ್ಮೂರು ಬೈಲಹೊಂಗಲದಿಂದ ಅವಳಿಗೆ ಸುದ್ದಿ ಮುಟ್ಟಬೇಕೆಂದರೆ ಎರಡು ಬಸ್ಸು ದಾಟಬೇಕಿತ್ತು. ಅವ್ವ ನಮ್ಮ ಬಸ್ಸಿನ ಡ್ರೈವರ್ ದಸ್ತಗೀರ ಮಾಮಾನಿಗೆ ಹೇಳುವಳು. ಮಾಮಾ ಅದನ್ನು ಸವದತ್ತಿಯಲ್ಲಿ ರಾಮದುರ್ಗದ ಡ್ರೈವರ್ ಭೀಮಪ್ಪನಿಗೆ ದಾಟಿಸಬೇಕು. ತೊಡಕೆಂದರೆ, ಯಾವುದೋ ಕಬಡ್ಡಿ ಪಂದ್ಯದ ಜಗಳದಿಂದ ಇಬ್ಬರೂ ಮಾತು ಬಿಟ್ಟಿದ್ದರು. ಒಬ್ಬರು ಕುಳಿತ ಹೋಟೆಲಿನಲ್ಲಿ ಇನ್ನೊಬ್ಬರು ಚಹಾ ಕೂಡ ಕುಡಿಯುತ್ತಿರಲಿಲ್ಲ.

ಆಗ ನಾನು ಕಾಲೇಜಿನ ಶೋಕಿಲಾಲ. ಸವದತ್ತಿಯಲ್ಲೇನೋ ಕೆಲಸವಿತ್ತೆಂದು ಒಮ್ಮೆ ಮಾಮಾನ ಬಸ್ಸಿನಲ್ಲಿ, ಬಿಸಿ ಬಾನೆಟ್ಟಿನ ಮೇಲೆ ಇಸ್ತ್ರಿಯ ಪ್ಯಾಂಟು ಮುದುಡಿಸಿಕೊಂಡು ಹೋಗಿದ್ದೆ. ಮಾಮಾ ಇಳಿದವನೇ ಭೀಮಪ್ಪನತ್ತ ನೋಡದೆ, ಅವನ ಬಸ್ಸಿನ ದೀಪಕ್ಕೆ ಮುಖ ಮಾಡಿ ನಿಂತ.

"ಏ ರಾಮದುರ್ಗದ ಗಾಡಿ, ಕೇಳಿಲ್ಲೆ. ಶಾಂತವ್ವಗ ಹೇಳು, ಪಂಚಮಿಗೆ ಕರಿಯಾಕ ತಮ್ಮ ಬರತಾನಂತ. ನಾ ಗಾಡಿಗೆ ಹೇಳಾಕತ್ತೇನಿ, ಮನಷ್ಯಾಗಲ್ಲ!"

ಭೀಮಪ್ಪ ಸ್ಟೇರಿಂಗು ಸವರುತ್ತ, "ಹೂಂ ಅನ್ನು ತಾಯಿ. ಆ ಬೈಲಹೊಂಗಲದ ಡಬ್ಬಾ ಗಾಡಿ ಹಾರ್ನ್ ಹೊಡ್ಯಾಕತ್ತೈತಿ" ಎಂದ.

ಅಕ್ಕನಿಗೆ ಅಂದು ಸಂಜೆಯೇ ಸುದ್ದಿ ಮುಟ್ಟಿತು. ನಾನು ಹೋದಾಗ ಚೀಲ ಕಟ್ಟಿಕೊಂಡು ಹೊಸ್ತಿಲಲ್ಲೇ ಕುಳಿತಿದ್ದಳು. ಆ ಇಬ್ಬರ ಜಗಳ ಕೊನೆಯವರೆಗೂ ಬಗೆಹರಿಯಲಿಲ್ಲ. ಆದರೆ ಊರವರ ಮಾತನ್ನು ಅವರು ತಮ್ಮ ಜಗಳದೊಳಗೆ ಎಂದೂ ಕೂಡಿಹಾಕಲಿಲ್ಲ. ಯಾವ ಆ್ಯಪಿನಿಂದ ಯಾವ ಆ್ಯಪಿಗಾದರೂ ಮಾತು ಹೋಗಬೇಕು, ಎಲ್ಲರಿಗೂ ಒಂದೇ ಕಟ್ಟಳೆ ಇರಬೇಕು ಎಂದು ತಿಳಿದವರು ಈಗ ವಾದಿಸುತ್ತಾರಂತೆ. ನನ್ನ ಓಟು ಅವರಿಗೆ.

ಯಾವ ಆ್ಯಪಿನ ಗೊಡವೆಯೂ ಬೇಡವೆಂದು ನಂಬರು ಒತ್ತಿ ನೇರ ಫೋನು ಮಾಡಿದೆ. ಬಹಳ ಹೊತ್ತು ರಿಂಗಾದ ಮೇಲೆ ಅಕ್ಕ ಎತ್ತಿದಳು. ನಡೆದದ್ದೆಲ್ಲ ಹೇಳಿದೆ.

"ಹಂಗಾರ ಈಗ ಯಾವುದರಾಗ ಅದೀಯೋ?" ಎಂದಳು.

"ಮನ್ಯಾಗ ಅದೇನಿ, ಅಕ್ಕಾ. ಈಗಿನ ಬಸ್ಸಿಗೆ ಹೊಂಟೇನಿ."

"ಉಂಡು ಬರಬ್ಯಾಡ" ಎಂದು ಫೋನಿಟ್ಟಳು.