ದೋಸೆ ವ್ಯಾನಿಗೆ ವಿಮೆ ಮಾಡಿಸಿದ್ದು

ಮೊನ್ನೆ ಸಂಜೆ ನಾಶಿಕದ ಗಂಗಾಪುರ ರಸ್ತೆಯಲ್ಲಿ ವಾಕಿಂಗ್ ಹೊರಟಿದ್ದೆ. ಇದ್ದಕ್ಕಿದ್ದಂತೆ ಒಂದು ವಾಸನೆ ಬಂತು, ಕಾಲು ತಾನಾಗಿ ನಿಂತಿತು. ಇಂಗಿನ ಒಗ್ಗರಣೆ ಹಾಕಿದ ಸಾಂಬಾರು, ಅದರ ಜೊತೆಗೆ ಪೆಟ್ರೋಲು. ಬೇರೆಯವರು ಮೂಗು ಮುಚ್ಚಿಕೊಳ್ಳುವ ಜೋಡಿ ಇದು. ನನಗೆ ಮಾತ್ರ ಹಸಿವಾಗುತ್ತದೆ. ನೋಡಿದರೆ ರಸ್ತೆ ಬದಿಯಲ್ಲಿ ಬಣ್ಣದ ದೀಪ ಹಾಕಿಕೊಂಡು ಒಂದು ತಿಂಡಿ ವ್ಯಾನು ನಿಂತಿದೆ. ಎಪ್ಪತ್ತು ದಾಟಿದ ವಯಸ್ಸನ್ನೂ ಸಕ್ಕರೆ ಕಾಯಿಲೆಯನ್ನೂ ಮನೆಯಲ್ಲೇ ಬಿಟ್ಟು ಬಂದವಳ ಹಾಗೆ ಒಂದು ಪ್ಲೇಟು ಇಡ್ಲಿ ತೆಗೆದುಕೊಂಡೆ. ಸಾಂಬಾರು ನೀರುನೀರಾಗಿತ್ತು. ಆದರೂ ಇನ್ನೊಂದು ಸೌಟು ಹಾಕಿಸಿಕೊಂಡೆ.

ನಮ್ಮದೂ ಇಂಥದೊಂದು ವ್ಯಾನಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಇಂಥದು ಎಂದರೆ ಇಷ್ಟು ಚಂದದ್ದಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಉಡುಪಿ ಕಡೆಯಿಂದ ಬಂದು ನಾಶಿಕದ ಹೋಟೆಲೊಂದರಲ್ಲಿ ಹತ್ತು ವರ್ಷ ದುಡಿದ ಅಪ್ಪನಿಗೆ ಸ್ವಂತ ಹೋಟೆಲ್ ಇಡುವ ಆಸೆ. ಜಾಗ ಹಿಡಿಯುವ ತಾಕತ್ತಿಲ್ಲ. ಹರಾಜಿನಲ್ಲಿ ಒಂದು ಹಳೆಯ ಆಂಬುಲೆನ್ಸು ಬಂತು, ಹಿಡಿದುಬಿಟ್ಟರು. ಪಕ್ಕದಲ್ಲೊಂದು ತಗಡಿನ ಬಾಗಿಲು ಕೊಯ್ದು, ಮೇಲಕ್ಕೆತ್ತಿದರೆ ಕೌಂಟರ್ ಆಗುವಂತೆ ಮಾಡಿದರು. ಎರಡು ಕೋಟು ಹಸಿರು ಬಣ್ಣ ಬಳಿದರೂ ಕೆಳಗಿನ ಕೆಂಪು ಗುರುತು ಬಿಸಿಲಿಗೆ ಎದ್ದು ಕಾಣುತ್ತಿತ್ತು. ದಾರಿಯಲ್ಲಿ ಲಾರಿಗಳು ನಮಗೆ ಸೈಡು ಬಿಡುತ್ತಿದ್ದವು. ಒಮ್ಮೆ ಮನ್ಮಾಡಿನಲ್ಲಿ ಒಬ್ಬ ಅಜ್ಜ ಒಳಗೆ ಇಣುಕಿ, ಪೇಷಂಟು ಎಲ್ಲಿ ಎಂದು ಮರಾಠಿಯಲ್ಲಿ ವಿಚಾರಿಸಿ, ಕೊನೆಗೆ ಎರಡು ಮಸಾಲೆ ದೋಸೆ ತಿಂದು ಹೋದ.

ಶನಿವಾರ ಘೋಟಿಯ ಸಂತೆ. ವಾರದ ನಡುವೆ ಮನ್ಮಾಡಿನ ರೈಲ್ವೆಯವರು. ಚಳಿಗಾಲದ ಎರಡು ತಿಂಗಳು ಮಾತ್ರ ಔರಂಗಾಬಾದಿನಲ್ಲಿ ಠಿಕಾಣಿ. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರು. ಅಲ್ಲಿಂದ ದಿನಾ ಬೆಳಿಗ್ಗೆ ಘಾಟಿ ರಸ್ತೆ ಹತ್ತಿ ಖುಲ್ತಾಬಾದಿಗೆ, ಅಲ್ಲಿಂದ ವೇರೂಳದ ಎಲ್ಲೋರಾ ಗುಹೆಗಳ ಕಡೆಗೆ. ದರ್ಗಾಕ್ಕೆ ಬಂದವರು, ಗುಹೆ ನೋಡಲು ಬಂದವರು, ಎಲ್ಲರಿಗೂ ಹಸಿವು ಒಂದೇ ಸಮಯಕ್ಕೆ ಆಗುತ್ತಿತ್ತು.

ವ್ಯಾನಿನಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಎಂಬುದನ್ನು ಹೇಳಿಬಿಡುತ್ತೇನೆ, ಕಥೆ ಇರುವುದೇ ಅಲ್ಲಿ. ಸ್ಟೀರಿಂಗ್ ಹಿಡಿದು ಅಪ್ಪ. ಪಕ್ಕದ ಸೀಟಿನಲ್ಲಿ ಗಲ್ಲಾಪೆಟ್ಟಿಗೆ, ಕೃಷ್ಣನ ಫೋಟೋ, ಕಾಲೇಜಿಗೆ ರಜೆ ಇದ್ದಾಗ ನಾನು. ಹಿಂದೆ ಅಮ್ಮ. ಹಿಂದೆ ಸೀಟು ಇರಲಿಲ್ಲ. ನೆಲದ ಮೇಲೆ ಗೋಣಿಚೀಲ ಹಾಸಿ, ಬಿಸಿ ಸಾಂಬಾರಿನ ಹಂಡೆಯನ್ನು ಎರಡು ಕಾಲಿನ ನಡುವೆ ಇಟ್ಟು, ಬಟ್ಟೆ ಸುತ್ತಿದ ಕೈಗಳಿಂದ ಅದರ ಕಂಠ ಹಿಡಿದು ಕೂರುತ್ತಿದ್ದಳು. ಬೆನ್ನಿಗೆ ಹಿಟ್ಟಿನ ಡಬ್ಬಗಳು. ನಿಂತಲ್ಲಿ ಸಾಂಬಾರು ಮಾಡಬಹುದಿತ್ತಲ್ಲ ಎನ್ನಬೇಡಿ. ಬೇಳೆ ಬೆಳಿಗ್ಗೆ ನಾಲ್ಕಕ್ಕೆ ಬೇಯದಿದ್ದರೆ ಅದು ಸಾಂಬಾರೇ ಅಲ್ಲ ಎನ್ನುವುದು ಅಪ್ಪನ ಸಿದ್ಧಾಂತ. ಸಿದ್ಧಾಂತ ಅಪ್ಪನದು, ಹಂಡೆ ಅಮ್ಮನದು.

ಮೂರನೆಯ ಚಳಿಗಾಲದಲ್ಲಿ ಖುಲ್ತಾಬಾದಿನ ಘಾಟಿನಲ್ಲಿ ಎದುರಿಗೆ ಎಮ್ಮೆ ಬಂದು ಅಪ್ಪ ಬ್ರೇಕು ಒತ್ತಿದರು. ಹಂಡೆ ವಾಲಿತು. ಅಮ್ಮನ ತೊಡೆಯಿಂದ ಮೊಣಕಾಲಿನವರೆಗೆ ಬೊಬ್ಬೆ ಎದ್ದಿತು. ತೆಂಗಿನೆಣ್ಣೆ ಸವರಿಕೊಂಡು ಅವಳು ಆ ದಿನವೂ ಸಂಜೆಯವರೆಗೆ ನಿಂತು ದೋಸೆ ಹುಯ್ದಳು. ನಮ್ಮ ಮನೆಯಲ್ಲಿ ಆ ದಿನಕ್ಕೆ ಒಂದು ಹೆಸರಿತ್ತು: ಸಾಂಬಾರು ಚೆಲ್ಲಿದ ದಿನ. ಅಮ್ಮನ ಕಾಲು ಸುಟ್ಟ ದಿನ ಎಂದು ಯಾರೂ ಹೇಳಿದ ನೆನಪಿಲ್ಲ. ನಾನೂ ಹೇಳಲಿಲ್ಲ.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಸಾರಾ ಘಾಟಿನಲ್ಲಿ ಚಹಾ ಮಾರುವವನೊಬ್ಬನ ಟೆಂಪೋ ಪಲ್ಟಿ ಹೊಡೆದು ಸ್ಟವ್ವಿಗೆ ಬೆಂಕಿ ಹತ್ತಿ ಸುಟ್ಟುಹೋಯಿತು. ಅವನು ಬದುಕಿಕೊಂಡ, ವ್ಯಾಪಾರ ಹೋಯಿತು. ಅಪ್ಪನಿಗೆ ಊಟ ಸೇರದಾಯಿತು. ಸರ್ಕಾರದ ಕಡ್ಡಾಯಕ್ಕೆ ಬೇಕಾದಷ್ಟೇ ವಿಮೆ ಇತ್ತು ನಮಗೆ. ಅದರ ಅರ್ಥವನ್ನು ಬಿಡಿಸಿ ಹೇಳಿದವರು ಬಿರಾದಾರರು. ಬೀದರ್ ಕಡೆಯವರು, ಹಣೆ ತುಂಬ ವಿಭೂತಿ, ಕಂಕುಳಲ್ಲಿ ರೆಕ್ಸಿನ್ ಚೀಲ. ವಿಮಾ ಏಜೆಂಟರನ್ನು ಕಂಡರೆ ಜನ ರಸ್ತೆ ದಾಟಿ ಆಚೆ ಹೋಗುತ್ತಿದ್ದ ಕಾಲ ಅದು. ಅಪ್ಪನಿಗೆ ಆ ಸೌಲಭ್ಯವಿರಲಿಲ್ಲ, ಕೈಯಲ್ಲಿ ಚಟ್ನಿ ಬಕೆಟ್ ಇರುತ್ತಿತ್ತು.

ಒಂದು ಭಾನುವಾರ ಅವರು ಮನೆಗೇ ಬಂದರು. ಅಮ್ಮ ಎದುರಿಗೆ ಮೊರ ಹಿಡಿದು ಉದ್ದು ಆರಿಸುತ್ತಿದ್ದಳು. ಇಂಗ್ಲಿಷ್ ಫಾರಂ ತುಂಬುವ ಘನ ಕೆಲಸ ನನ್ನದು, ಬಿ.ಎ. ಕೊನೆಯ ವರ್ಷದಲ್ಲಿದ್ದೆ, ಮೂಗಿನ ತುದಿಯಲ್ಲೇ ಇಂಗ್ಲಿಷು.

"ಈಗ ನಿಮಗ ಇರೂದು ಥರ್ಡ್ ಪಾರ್ಟಿ ಅಣ್ಣಾರ," ಎಂದರು ಬಿರಾದಾರರು. "ಅಂದ್ರ ನಿಮ್ಮ ಗಾಡಿ ಮಂದೀಗೆ ಬಡದ್ರ ಮಂದೀಗೆ ರೊಕ್ಕ. ನಿಮಗ ಏನೂ ಇಲ್ಲ."

"ಎಂತದೂ ಇಲ್ವಾ?"

"ಏನೂ ಇಲ್ರಿ. ಗಾಡೀದು ಬ್ಯಾರೆ ಮಾಡಸ್ಬೇಕು. ಒಳಗಿನ ಸಾಮಾನಿಂದು ಬ್ಯಾರೆ. ಕೆಲಸದವರಿದ್ರ ಅವರದು ಬ್ಯಾರೆ."

ಅಪ್ಪನಿಗೆ ಒಳಗಿನ ಸಾಮಾನಿನ ಮೇಲೆ ಜೀವ. ದೋಸೆ ಕಲ್ಲು, ಎರಡು ಸೀಮೆಎಣ್ಣೆ ಸ್ಟವ್, ಹಂಡೆ, ಇಡ್ಲಿ ಪಾತ್ರೆ, ಹಿತ್ತಾಳೆ ಕಾಫಿ ಫಿಲ್ಟರ್, ಸೌಟುಗಳು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ರುಬ್ಬುವ ಕಲ್ಲಿಗೆ ಬಂದಾಗ ಅಪ್ಪನ ಧ್ವನಿ ಮೆತ್ತಗಾಯಿತು. ಅದು ಅಜ್ಜಿಯ ಕಲ್ಲು, ಊರಿಂದ ಬಸ್ಸು, ರೈಲು ಹತ್ತಿಸಿ ತಂದದ್ದು.

"ಕಲ್ಲಿಗಿ ಬೆಂಕಿ ಹತ್ತಂಗಿಲ್ರಿ," ಎಂದರು ಬಿರಾದಾರರು.

"ಬಿದ್ದು ಒಡೆದ್ರೆ ಮಾರಾಯ್ರೆ?"

"ಕಲ್ಲು ಬಿದ್ರ ಒಡಿಯೂದು ರಸ್ತೆ. ಅದು ಥರ್ಡ್ ಪಾರ್ಟಿಯೊಳಗ ಬರ್ತದ."

ಅಪ್ಪನೂ ನಕ್ಕರು. ಆದರೂ ಹಟ ಹಿಡಿದು ಕಲ್ಲನ್ನು ಬರೆಸಿದರು. ಎರಡು ಪುಟ ತುಂಬಿದ ಪಟ್ಟಿಯನ್ನು ಬಿರಾದಾರರು ಕನ್ನಡ ಮಾಡಿ ಎಲ್ಲರಿಗೂ ಕೇಳುವಂತೆ ಓದಿದರು. ಓದಿ ಮುಗಿದ ಮೇಲೆ ಅಮ್ಮ ಮೊರದಿಂದ ಕಣ್ಣೆತ್ತದೆ ಕೇಳಿದಳು, "ಅದರಲ್ಲಿ ನಾನೆಲ್ಲಿದ್ದೇನೆ?"

ಬಿರಾದಾರರು ಕನ್ನಡಕ ಏರಿಸಿ ಮತ್ತೆ ಹುಡುಕಿದರು. "ಡ್ರೈವರ್ ಅಣ್ಣಾರು. ನೀವು ಪ್ಯಾಸೆಂಜರ್ ಅನ್ನಬೇಕಂದ್ರ ಸೀಟು ಬೇಕು, ಸೀಟಿಲ್ಲ. ಕೆಲಸದವರು ಅನ್ನಬೇಕಂದ್ರ ಪಗಾರ ಬೇಕು, ಪಗಾರಿಲ್ಲ. ಉಳದಿದ್ದು ಸಾಮಾನ್ರಿ ಅಕ್ಕಾರ, ಅದ್ರಾಗೂ ನೀವಿಲ್ಲ."

"ನೀನು ಮನೆಯವಳಲ್ವಾ," ಎಂದರು ಅಪ್ಪ, ಸಮಾಧಾನದ ಧ್ವನಿಯಲ್ಲಿ. "ನಿನ್ನನ್ನು ಎಂತಕ್ಕೆ ಬರೆಯುವುದು?"

"ಹಂಡೆಯನ್ನು ಬರೆದದ್ದು ಎಂತಕ್ಕೆ?"

ಬಿರಾದಾರರು ಒಂದು ದಾರಿ ಹೇಳಿದರು: ಅಕ್ಕಾರಿಗೆ ತಿಂಗಳಿಗೆ ಇಂತಿಷ್ಟು ಪಗಾರ ಎಂದು ಗೊತ್ತುಮಾಡಿ ನಿಜವಾಗಿ ಕೊಡಬೇಕು, ಹಿಂದೆ ಗಟ್ಟಿಯಾದ ಸೀಟು ಕೂರಿಸಬೇಕು, ಕಂಪನಿಯವರು ಬಂದು ನೋಡುತ್ತಾರೆ. ಇಲ್ಲದಿದ್ದರೆ ಅಕ್ಕಾರಿಗೆ ಏನಾದರೂ ಆದರೆ ಯಾರೂ ಒಂದು ಬ್ಯಾಂಡೇಜಿನ ದುಡ್ಡೂ ಕೊಡುವುದಿಲ್ಲ. ಅಪ್ಪ ಕೆಂಪಾದರು. ಹೆಂಡತಿಗೆ ಸಂಬಳ ಕೊಡುವುದೆಂದರೆ, ಉಡುಪಿ ಹೋಟೆಲಿನವರಲ್ಲಿ ಗೊತ್ತಾದರೆ ಮರ್ಯಾದೆ ಉಂಟಾ ಎಂದರು. ನಮ್ಮ ಕಡೆಯ ಎಷ್ಟೋ ಹೋಟೆಲುಗಳ ಹಿಂಬಾಗಿಲಲ್ಲಿ ಹೆಂಗಸರು ಇಡೀ ದಿನ ರುಬ್ಬುತ್ತಿದ್ದರು. ಅದನ್ನು ಕೆಲಸ ಎಂದರೆ ಯಜಮಾನರಿಗೆ ಅವಮಾನ, ಸಂಸಾರ ಎಂದರೆ ಗೌರವ.

"ಆಯ್ತು," ಎಂದಳು ಅಮ್ಮ. "ಹಾಗಾದರೆ ಶನಿವಾರ ಘೋಟಿಗೆ ಪೇಪರಿನಲ್ಲಿ ಇರುವವರು ಹೋಗಿ ಬನ್ನಿ."

ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆವು. ಶನಿವಾರ ನಾಲ್ಕಕ್ಕೆ ಎದ್ದು ಬೇಳೆ ಬೇಯಿಸಿ, ಹಂಡೆ ತುಂಬಿಸಿ, ವ್ಯಾನಿನೊಳಗೆ ಇಡಿಸಿದಳು. ಆಮೇಲೆ ಮನೆಯೊಳಗೆ ಹೋಗಿ ಮಲಗಿಬಿಟ್ಟಳು. ನನ್ನ ಇಪ್ಪತ್ತು ವರ್ಷದ ಬದುಕಿನಲ್ಲಿ ಬೆಳಕು ಹರಿದ ಮೇಲೆ ಅಮ್ಮ ಮಲಗಿದ್ದನ್ನು ನೋಡಿದ್ದು ಅದೇ ಮೊದಲು. ಅಪ್ಪ ಎರಡು ಸಲ ಹಾರ್ನ್ ಹೊಡೆದರು, ಮೂರನೆಯ ಸಲ ನನ್ನ ಕಡೆ ನೋಡಿದರು.

ಹಾಗೆ ಗೋಣಿಚೀಲದ ಮೇಲೆ ನಾನು ಕೂತೆ. ಘೋಟಿಯ ರಸ್ತೆಯ ಬಗ್ಗೆ ನಾನು ಅಲ್ಲಿಯವರೆಗೆ ತಿಳಿದದ್ದೆಲ್ಲ ಮುಂದಿನ ಸೀಟಿನಿಂದ ತಿಳಿದದ್ದು. ಹಿಂದಿನಿಂದ ಅದು ಬೇರೆಯೇ ರಸ್ತೆ. ಪ್ರತಿ ಗುಂಡಿಗೂ ಹಂಡೆ ಎದೆಗೆ ಬಂದು ಗುದ್ದುತ್ತಿತ್ತು. ಆವಿ ಮುಖಕ್ಕೆ ಹೊಡೆದು ಕಣ್ಣು ಮುಚ್ಚಿದೆ. ಮುಚ್ಚಿದರೆ ವಾಂತಿ ಬರುತ್ತಿತ್ತು, ತೆರೆದರೆ ಹಂಡೆ ಕಾಣುತ್ತಿತ್ತು. ನಿಧಾನ ಅಪ್ಪಾ ಎಂದು ಕೂಗಿದೆ. ಎಂಜಿನ್ನಿನ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ಅಮ್ಮನೂ ಇಷ್ಟು ವರ್ಷ ಕೂಗಿರಬಹುದು ಎಂದು ಆಗ ಹೊಳೆಯಿತು.

ಘೋಟಿಗೆ ಮುಟ್ಟಿದಾಗ ಕಾಲು ಹಂಡೆ ಸಾಂಬಾರು ನನ್ನ ಚೂಡಿದಾರದಲ್ಲಿತ್ತು, ನಾಲ್ಕು ಬೆರಳಿಗೆ ಬೊಬ್ಬೆ. ಅಪ್ಪ ದೋಸೆ ಹುಯ್ಯಲು ನಿಂತರು. ಈರುಳ್ಳಿ ಮಾರುವವರು, ಎತ್ತು ಮಾರಲು ಬಂದವರು ಹರಿದ ದೋಸೆಯನ್ನು ಎತ್ತಿ ಹಿಡಿದು ಬೆಳಕಿಗೆ ನೋಡಿದರು. "ವಹಿನಿ ಕುಠೇ?" ಎಂದು ಒಬ್ಬರಾದ ಮೇಲೆ ಒಬ್ಬರು ಕೇಳಿದರು. ಅತ್ತಿಗೆ ಎಲ್ಲಿ, ಎಂದು. ಹತ್ತನೆಯವನು ಕೇಳುವ ಹೊತ್ತಿಗೆ ಅಪ್ಪ ಸ್ಟವ್ ಆರಿಸಿದರು.

ಮನೆಗೆ ಬಂದ ಮೇಲೆ, ನನ್ನ ಬೆರಳುಗಳಿಗೆ ತೆಂಗಿನೆಣ್ಣೆ ಹಚ್ಚುತ್ತಿದ್ದ ಅಮ್ಮನ ಎದುರು ಅಪ್ಪ ಬಂದು ನಿಂತರು. "ನಿನ್ನ ಕಾಲು ಈಗ ಹೇಗುಂಟು?" ಎಂದು ಕೇಳಿದರು. ಬೊಬ್ಬೆ ಎದ್ದು ಹತ್ತು ತಿಂಗಳಾಗಿತ್ತು. ಅಮ್ಮ, "ವಾಸಿಯಾಗಿ ಆಯ್ತಲ್ಲ," ಎಂದಳು, ಅಷ್ಟೇ.

ಸೋಮವಾರ ಬಿರಾದಾರರನ್ನು ಕರೆಸಿ ಫಾರಂ ಹೊಸದಾಗಿ ಬರೆಸಿದರು. ಈ ಸಲ ಅಪ್ಪನೇ ಹೇಳಿದರು, ಮೊದಲ ಸಾಲಿನಲ್ಲೇ: ಪದ್ಮಾವತಿ, ಅಡಿಗೆಯವರು, ಪಗಾರ ಇಷ್ಟು. ಕಂತು ಕೈ ಮೀರಿತು ಎಂದಾಗ ರುಬ್ಬುವ ಕಲ್ಲು, ಫಿಲ್ಟರ್, ಸೌಟುಗಳನ್ನೆಲ್ಲ ಅವರೇ ಹೊಡೆದು ಹಾಕಿಸಿದರು. "ಛಲೋ ಮಾಡಿದ್ರಿ ಅಣ್ಣಾರ," ಎಂದ ಬಿರಾದಾರರಿಗೆ ಆ ದಿನ ಅಮ್ಮನ ಲೆಕ್ಕದಲ್ಲಿ ಎರಡು ದೋಸೆ ಪುಕ್ಕಟೆ. ಗುಜರಿಯಲ್ಲಿ ಸಿಕ್ಕ ಹಳೆಯ ಬಸ್ಸಿನ ಸೀಟು, ಹಂಡೆಗೊಂದು ಕಬ್ಬಿಣದ ಬಳೆ, ಎರಡನ್ನೂ ಬೋಲ್ಟು ಹಾಕಿ ಬಿಗಿಸಿದ್ದಾಯಿತು. ಕಂಪನಿಯವರು ಬಂದು ಸೀಟನ್ನು ಅಲುಗಾಡಿಸಿ ನೋಡಿ ಸಹಿ ಹಾಕಿದರು. ಅಮ್ಮ ಮೊದಲ ಪಗಾರದಲ್ಲಿ ತನಗೊಂದು ಜೊತೆ ಚಪ್ಪಲಿ ತೆಗೆದುಕೊಂಡಳು. ವ್ಯಾನು ಮಾರುವವರೆಗೂ ಆ ವಿಮೆಯಿಂದ ನಮಗೆ ಒಂದು ಪೈಸೆ ಬರಲಿಲ್ಲ, ಅಷ್ಟು ಪುಣ್ಯ ಮಾಡಿದ್ದೆವು.

ಆ ಚಳಿಗಾಲ ಔರಂಗಾಬಾದಿನಿಂದ ಖುಲ್ತಾಬಾದಿಗೆ ಮೊದಲ ದಿನದ ಪ್ರಯಾಣ. ಅರ್ಧ ದಾರಿ ಬಂದಿದ್ದೆವು, ಹಿಂದಿನಿಂದ ತಗಡಿಗೆ ಬಡಿದ ಸದ್ದು. ಅಪ್ಪ ಹೆದರಿ ಬದಿಗೆ ನಿಲ್ಲಿಸಿ ಓಡಿಹೋಗಿ ಬಾಗಿಲು ತೆರೆದರು. ಅಮ್ಮ ಸೀಟಿನಲ್ಲೇ ಕೂತಿದ್ದಳು, ಸಾಂಬಾರು ಒಂದು ತೊಟ್ಟೂ ಚೆಲ್ಲಿರಲಿಲ್ಲ. ಆಂಬುಲೆನ್ಸಿನ ಕಿಟಕಿಗಳಿಗೆ ಅರ್ಧದವರೆಗೆ ಮಬ್ಬು ಗಾಜು. ನೆಲದಲ್ಲಿ ಕೂತವರಿಗೆ ಬೆಳಕು ಬಿಟ್ಟರೆ ಏನೂ ಕಾಣದು. ಸೀಟಿನ ಮೇಲೆ ಕೂತವಳ ಕಣ್ಣು ಈಗ ಮೇಲಿನ ಸ್ವಚ್ಛ ಗಾಜಿಗೆ ಸಮವಾಗಿತ್ತು.

"ಇದೆಂತ ಇದು, ಇಷ್ಟು ದೊಡ್ಡದು?" ಎಂದಳು.

ದೌಲತಾಬಾದಿನ ಕೋಟೆ. ಮೂರು ಚಳಿಗಾಲ ದಿನಾ ಎರಡು ಸಲ ಅದರ ಕಾಲಬುಡದಲ್ಲೇ ಹೋಗಿ ಬಂದಿದ್ದಳು. ಅಪ್ಪ ಕೈ ಹಿಡಿದು ಇಳಿಸಿದರು. ಖುಲ್ತಾಬಾದಿನಲ್ಲಿ ಗಿರಾಕಿಗಳು ಕಾಯುತ್ತಿದ್ದರು, ಅಪ್ಪ ಒಂದು ಸಲವೂ ಹೊತ್ತಾಯಿತು ಎನ್ನಲಿಲ್ಲ. ಅಮ್ಮ ಹೊಸ ಚಪ್ಪಲಿಯಲ್ಲಿ ರಸ್ತೆ ಬದಿಗೆ ನಿಂತು ಸಾಕಾಗುವಷ್ಟು ನೋಡಿದಳು.

ಈ ಕಥೆಯನ್ನು ಐವತ್ತು ವರ್ಷದಿಂದ ಮದುವೆ ಮುಂಜಿಗಳಲ್ಲಿ ಹೇಳಿ ನಗಿಸಿದ್ದೇನೆ. ಪ್ರತಿ ಸಲವೂ ಹೇಳುವುದು ಒಂದೇ ಥರ: ರುಬ್ಬುವ ಕಲ್ಲು ಬರೆಸಿ ಹೆಂಡತಿಯನ್ನು ಮರೆತ ನಮ್ಮಪ್ಪ. ಅಪ್ಪನೂ ಇದ್ದಷ್ಟು ಕಾಲ ಜೊತೆಗೆ ಕೂತು ನಗುತ್ತಿದ್ದರು, ಎಂದೂ ತಿದ್ದಲಿಲ್ಲ. ಇವತ್ತು ಬರೆಯಲು ಕೂತಾಗ ಹಾಗೇ ಬರೆಯಲು ಕೈ ಬರುತ್ತಿಲ್ಲ. ನಡೆದದ್ದು ಇನ್ನೂ ಸ್ವಲ್ಪ ಇದೆ. ಆ ಭಾನುವಾರ ರುಬ್ಬುವ ಕಲ್ಲನ್ನೂ ಬರೆಸಿದ ಮೇಲೆ ಅಪ್ಪ ನನ್ನ ಕಡೆ ತಿರುಗಿ, "ಬೇರೆ ಏನಾದರೂ ಬಿಟ್ಟುಹೋಗಿದೆಯಾ ನೋಡು ಮಗಾ, ನೀನು ಓದಿದವಳು," ಎಂದಿದ್ದರು. ನಾನು ಪೆನ್ನು ಎತ್ತಿಕೊಂಡು ಮನೆಯನ್ನೆಲ್ಲ ಒಮ್ಮೆ ನೋಡಿದೆ. ಅಮ್ಮ ಎದುರಿಗೇ ಕೂತು ಉದ್ದು ಆರಿಸುತ್ತಿದ್ದಳು, ನನ್ನನ್ನೇ ನೋಡುತ್ತಿದ್ದಳು. "ಏನೂ ಇಲ್ಲ ಅಪ್ಪ," ಎಂದೆ.